ಊರಿನ ನೀರಿನ ಅಧ್ಯಯನಕ್ಕೆ ಹಣ ಹೊಂದಿಸುವ ಬಗೆ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹೊಸ ಸಂಗತಿಯಲ್ಲ. ಆದರೆ ತಮ್ಮ ಊರಿನ ಯಾವ ಕೊಳವೆಬಾವಿಯಲ್ಲಿ, ಯಾವ ಕಾಲದಲ್ಲಿ ಅದು ಎಷ್ಟಿರುತ್ತದೆ ಎಂದು ತಿಳಿಯಲು ಗ್ರಾಮಸ್ಥರೇ ಹೊರಟು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರ ನೆರವು ಪಡೆದರೆ, ಹಣ ಹುಡುಕುವ ಮುನ್ನವೇ ಅಧ್ಯಯನದ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಚರ್ಚಿಸಿ ಠರಾವು ಮಾಡಿಸುವುದು ಒಳ್ಳೆಯದು. ಹಣ ಕೊಡುವವರ ಆಸಕ್ತಿಗೆ ತಕ್ಕಂತೆ ಪ್ರಶ್ನೆಯನ್ನು ತಿದ್ದಬೇಕಾದ ಸಂದರ್ಭ ಬಂದಾಗ, ಆ ಠರಾವು ಊರಿನವರ ಕೈ ಬಲಪಡಿಸುತ್ತದೆ.

ಆಯವ್ಯಯ ಬರೆಯುವಾಗ ಉಪಕರಣದಿಂದ ಆರಂಭಿಸುವುದು ಸಾಮಾನ್ಯ ರೂಢಿ. ಮಾದರಿ ಸಂಗ್ರಹಿಸುವ ಊರಿನವರ ಕೂಲಿಯಿಂದ ಆರಂಭಿಸುವುದು ಮೇಲು. ಒಂದು ದಿನದ ಕೆಲಸ ಬಿಟ್ಟು ಬಾವಿಯಿಂದ ಬಾವಿಗೆ ಅಲೆಯುವವರ ಶ್ರಮವನ್ನು ‘ಸ್ವಯಂಸೇವೆ’ ಎಂದು ಸೊನ್ನೆಗೆ ಇಳಿಸಿ, ಅಧ್ಯಾಪಕರಿಗೆ ಮಾತ್ರ ಗೌರವಧನ ತೋರಿಸುವ ಲೆಕ್ಕ ನ್ಯಾಯವಾದುದಲ್ಲ, ಅಂಥ ಕೆಲಸ ಬಹುಕಾಲ ನಡೆಯುವುದೂ ಇಲ್ಲ. ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ನೀಡುವ ವ್ಯವಸ್ಥೆಯಿರುವುದರಿಂದ, ಅವರನ್ನು ಸಂಭಾವನೆಯ ಮೇಲೆ ಸೇರಿಸಿಕೊಂಡರೆ ತರಬೇತಿಯ ಖರ್ಚು ಉಳಿಯುತ್ತದೆ. ಕಿಟ್ಟಿನ ಬಣ್ಣ ನೋಡಿ ಸಿಗುವುದು ಅಂದಾಜು ಮಾತ್ರ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಇಷ್ಟು ಸಣ್ಣ ಅಂತರವನ್ನು ಖಚಿತಪಡಿಸಲು ಪ್ರಯೋಗಾಲಯವೇ ಬೇಕಾದ್ದರಿಂದ, ಎಲ್ಲ ಬಾವಿಗಳನ್ನೂ ಕಿಟ್‌ನಿಂದ ನೋಡಿ, ಅನುಮಾನದ ಬಾವಿಗಳ ನೀರಿನ ಜೊತೆಗೆ ಉಳಿದವುಗಳಲ್ಲಿ ಕೆಲವನ್ನು ಪ್ರಯೋಗಾಲಯಕ್ಕೆ ಕಳುಹಿಸುವಂತೆ ಹಣ ಮೀಸಲಿಡಬಹುದು. ಫ್ಲೋರೈಡ್ ಗಾಜಿನೊಡನೆ ವರ್ತಿಸುವುದರಿಂದ ಪ್ಲಾಸ್ಟಿಕ್ ಬಾಟಲಿಗಳನ್ನೇ ಕೊಳ್ಳಬೇಕು. ಫಲಿತಾಂಶವನ್ನು ಕನ್ನಡದಲ್ಲಿ ಮುದ್ರಿಸಿ ಮನೆಮನೆಗೆ ತಲುಪಿಸುವ ವೆಚ್ಚವೂ ಮೊದಲೇ ಲೆಕ್ಕದಲ್ಲಿರಲಿ.

ಹಣದ ಮೂಲಗಳ ವಿಷಯಕ್ಕೆ ಬಂದರೆ, ಇಂಥ ಸಣ್ಣ ಖರ್ಚಿಗೆ ಪಂಚಾಯಿತಿಯನ್ನೇ ಮೊದಲು ಕೇಳಬಹುದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೈಜೋಡಿಸುವುದಾದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವಿದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ ದೊಡ್ಡದು, ಅದರ ಬಾಗಿಲು ಮಾತ್ರ ಕಿರಿದು. ಆ ಹಣ ಪಡೆದು ಕೆಲಸ ಮಾಡುವ ಸ್ವತಂತ್ರ ಸಂಸ್ಥೆ ನೋಂದಾಯಿತವಾಗಿರಬೇಕು, ಅದಕ್ಕೆ ಆದಾಯ ತೆರಿಗೆ ವಿನಾಯಿತಿಗೆ ಸಂಬಂಧಿಸಿದ 12ಎ ಮತ್ತು 80ಜಿ ಮಾನ್ಯತೆ ಇರಬೇಕು, ಅಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷಗಳ ಅನುಭವವಿರಬೇಕು. ಹೊಸದಾಗಿ ಕಟ್ಟಿಕೊಂಡ ಊರಿನ ಸಂಘಕ್ಕೆ ಇವು ಇರುವುದಿಲ್ಲವಾದ್ದರಿಂದ ಹಳೆಯ ಸಂಸ್ಥೆಯೊಂದರ ಮೂಲಕ ಹಣ ಪಡೆಯಬೇಕಾಗುತ್ತದೆ. ಆಗ ಯಾವ ಖರ್ಚಿಗೆ ಯಾರ ಒಪ್ಪಿಗೆ ಬೇಕು, ದತ್ತಾಂಶ ಯಾರ ಬಳಿ ಉಳಿಯುತ್ತದೆ, ಅದನ್ನು ಪ್ರಕಟಿಸುವ ಮುನ್ನ ಯಾರಿಗೆ ತೋರಿಸಬೇಕು ಎಂಬುದನ್ನು ಲಿಖಿತ ಒಪ್ಪಂದದಲ್ಲಿ ದಾಖಲಿಸದೆ ಮುಂದುವರಿಯಬಾರದು.

ಕಂತುಗಳ ಕಾಲವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಅದು ಮುಗಿದ ಮೇಲೆ ಒಮ್ಮೆ ಮಾದರಿ ತೆಗೆದರೆ ಮಾತ್ರ ಹೋಲಿಕೆ ಸಾಧ್ಯ. ಮೊದಲ ಸುತ್ತು ಬೀಳುವ ಏಪ್ರಿಲ್–ಮೇ ಆರ್ಥಿಕ ವರ್ಷದ ಆರಂಭವಾಗಿದ್ದು, ಹಿಂದಿನ ವರ್ಷದ ಹಣಬಳಕೆ ಪ್ರಮಾಣಪತ್ರ ಸಲ್ಲಿಸಿ ಹೊಸ ಕಂತು ಬರುವಷ್ಟರಲ್ಲಿ ಮುಂಗಾರು ಶುರುವಾಗಿರುತ್ತದೆ. ಆದ್ದರಿಂದ ಮೊದಲ ಸುತ್ತಿನ ಕೂಲಿ, ಬಾಟಲಿ ಮತ್ತು ಪರೀಕ್ಷಾ ಶುಲ್ಕಕ್ಕೆ ಸಾಲುವಷ್ಟು ಹಣವನ್ನು ಮಾರ್ಚ್ 31ರ ಬಳಿಕವೂ ಬಳಸಲು ಅನುಮತಿಯನ್ನು ಮಂಜೂರಾತಿ ಪತ್ರದಲ್ಲಿಯೇ ಬರೆಸಿಕೊಳ್ಳಿ.