ಗಾಡಿ ನೀರು ಕುಡಿಯುತ್ತಿತ್ತು, ಜಾಬ್ ಕಾರ್ಡ್‌ನಲ್ಲಿ ಮಾತ್ರ ‘ಜನರಲ್ ಚೆಕಪ್’

2024ರ ಅಕ್ಟೋಬರ್‌ನಲ್ಲಿ ನನ್ನ ಪೆಟ್ರೋಲ್ ಕಾರಿನ ಹೆಡ್ ಗ್ಯಾಸ್ಕೆಟ್ ಹೋಯಿತು. ಎಂಜಿನ್ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ‘ಹೆಡ್’ಗೂ ನಡುವೆ ಸೋರದಂತೆ ಹಾಕುವ ಹಾಳೆ ಅದು. ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಓಡಾಡುವವನು ನಾನು, ಒಂದು ಕಡೆಗೆ ಸುಮಾರು 45 ಕಿಲೋಮೀಟರ್. ಗಾಡಿ ತಗೊಂಡಿದ್ದು 2022ರ ಫೆಬ್ರವರಿಯಲ್ಲಿ, ಮೂರು ವರ್ಷದ ವಾರಂಟಿ. ಮೈಸೂರಿನ ಡೀಲರ್ ಎಂಟು ದಿನ ಇಟ್ಟುಕೊಂಡು, ಒಂದು ರೂಪಾಯಿಯೂ ತಗೊಳ್ಳದೆ ರಿಪೇರಿ ಮಾಡಿಕೊಟ್ಟರು. ಖುಷಿಗೆ ಅವರಿಗೆ ಅರ್ಧ ಕೆಜಿ ಮೈಸೂರು ಪಾಕ್ ಕೊಟ್ಟು ಬಂದಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗಾಡಿ ವಾಪಸ್ ಬಂದು ಮೂರು ವಾರ ಆಗಿರಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗಾಡಿ ಗಡಗಡ ನಡುಗುವುದು. ಐದಾರು ಸೆಕೆಂಡ್ ಅಷ್ಟೇ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸರಿಹೋಗುವುದು. ಚಳಿಗಿರಬೇಕು ಅಂತ ಸುಮ್ಮನಾದೆ. ಒಂದು ಭಾನುವಾರ ಬಾನೆಟ್ ಎತ್ತಿದರೆ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರು, ಟ್ಯಾಂಕಿನ ‘ಮಿನ್’ ಗೆರೆಗಿಂತ ಕೆಳಗೆ. ನೆಲದ ಮೇಲೆ ಒಂದು ಹನಿಯೂ ಇಲ್ಲ.

ಗುತ್ತಲು ರಸ್ತೆ ಕಡೆ ನಮಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರಿದ್ದಾರೆ. ‘ಏನೂ ಬಿಚ್ಚಬೇಡಿ, ಸುಮ್ನೆ ನೋಡಿ’ ಅಂದೆ. ವಾರಂಟಿಯಲ್ಲಿರುವ ಎಂಜಿನ್‌ಗೆ ಹೊರಗಿನವರು ಸ್ಪ್ಯಾನರ್ ಹಾಕಿದರೆ ಡೀಲರ್‌ಗೆ ಅದೊಂದು ನೆಪ ಸಾಕು. ಅವರು ಸೈಲೆನ್ಸರ್ ಹಿಂದೆ ಕುಕ್ಕರುಗಾಲಲ್ಲಿ ಕೂತು, ಹೊಗೆಗೆ ಅಂಗೈ ಒಡ್ಡಿ, ಅಂಗೈ ಮೂಸಿದರು. ‘ಸಿಹಿ ವಾಸ್ನೆ ಬತ್ತಾ ಅದೆ ಸಾ. ಗಾಡಿ ನೀರು ಕುಡೀತಾ ಅದೆ. ಹೆಡ್ ಬಿಚ್ಚಿದಾಗ ಫೇಸಿಂಗ್ ಮಾಡ್ಸುದ್ರಾ, ಇಲ್ಲ ಬರೀ ಗ್ಯಾಸ್ಕೆಟ್ ಹಾಕಿ ಮುಚ್ಚುದ್ರಾ, ಅದ್ನ ಕೇಳಿ.’

ಇದು ಸಣ್ಣ ಪ್ರಶ್ನೆಯಲ್ಲ. ಎಂಜಿನ್ ಜಾಸ್ತಿ ಬಿಸಿಯಾದರೆ ಅಲ್ಯೂಮಿನಿಯಂ ಹೆಡ್ ಸ್ವಲ್ಪ ಬಾಗಬಹುದು. ಕಣ್ಣಿಗೆ ಕಾಣುವುದಿಲ್ಲ. ನೇರ ಪಟ್ಟಿ ಇಟ್ಟು, ಕೆಳಗೆ ಫೀಲರ್ ಗೇಜ್ ಅನ್ನೋ ತೆಳು ಅಳತೆ ತಗಡು ತೂರಿಸಿ ನೋಡಬೇಕು. ಕೂದಲೆಳೆಯಷ್ಟು ಸಂದು ಇದ್ದರೂ ಹೊಸ ಗ್ಯಾಸ್ಕೆಟ್ ನಿಲ್ಲುವುದಿಲ್ಲ, ಹೆಡ್ಡನ್ನು ಮೆಷಿನ್ ಶಾಪ್‌ಗೆ ಕಳಿಸಿ ಮಟ್ಟ ಮಾಡಿಸಬೇಕು. ಇದೇ ಫೇಸಿಂಗ್. ಮಾಡಿಸದಿದ್ದರೆ ಏನಾಗುತ್ತೆ? ಗಾಡಿ ಆಫ್ ಮಾಡಿದ ಮೇಲೂ ಕೂಲಂಟ್ ಲೈನಿನಲ್ಲಿ ಒತ್ತಡ ಉಳಿದಿರುತ್ತದೆ. ಆ ಒತ್ತಡಕ್ಕೆ ಕೂಲಂಟ್ ರಾತ್ರಿ ಸಂದಿನಿಂದ, ಪೆಟ್ರೋಲ್ ಉರಿಯುವ ಸಿಲಿಂಡರ್ ಒಳಗೆ ಹನಿ ಹನಿಯಾಗಿ ಇಳಿಯುತ್ತದೆ. ಬೆಳಿಗ್ಗೆ ಆ ಸಿಲಿಂಡರ್ ಸರಿಯಾಗಿ ಉರಿಯುವುದಿಲ್ಲ, ಗಾಡಿ ನಡುಗುತ್ತದೆ. ನೀರು ಆವಿಯಾಗಿ ಹೋದ ಮೇಲೆ ಎಲ್ಲಾ ಸರಿ.

ಡೀಲರ್ ಹತ್ತಿರ ಹೋದೆ. ‘ಎಕ್ಸ್‌ಪ್ರೆಸ್‌ವೇನಲ್ಲಿ ಓಡಿಸ್ತೀರಲ್ವಾ ಸಾರ್, ಕೂಲಂಟ್ ಆವಿ ಆಗುತ್ತೆ’ ಅಂದರು ಸರ್ವಿಸ್ ಅಡ್ವೈಸರ್. ಮುಚ್ಚಿದ ಸಿಸ್ಟಮ್‌ನಲ್ಲಿ ಅಷ್ಟೊಂದು ಎಲ್ಲಿಗೆ ಆವಿ ಆಗುತ್ತೆ ಅಂತ ಕೇಳಬೇಕಿತ್ತು, ಕೇಳಲಿಲ್ಲ. ತುಂಬಿಸಿ ಕಳಿಸಿದರು. ಎರಡನೇ ಸಲ ಹೋದಾಗ ಟೆಸ್ಟ್ ಡ್ರೈವ್ ಮಾಡಿ ‘ನೋ ಪ್ರಾಬ್ಲಮ್’ ಅಂದರು. ತಪ್ಪು ನನ್ನದೂ ಇತ್ತು. ತಣ್ಣಗಿದ್ದಾಗ ಮಾತ್ರ ಬರುವ ಕಾಯಿಲೆಯನ್ನು ತೋರಿಸಲು 45 ಕಿಲೋಮೀಟರ್ ಓಡಿಸಿ, ಕಾದ ಎಂಜಿನ್ ತಗೊಂಡು ಹೋಗಿ ನಿಲ್ಲಿಸುತ್ತಿದ್ದೆ. ಜ್ವರ ಬಿಟ್ಟ ಮೇಲೆ ಡಾಕ್ಟರ ಹತ್ತಿರ ಹೋದ ಹಾಗೆ.

ಮನೆಗೆ ಬಂದು ಎರಡೂ ಜಾಬ್ ಕಾರ್ಡ್ ತೆಗೆದು ನೋಡಿದೆ. ಗಾಡಿ ಬಿಡುವಾಗ ನಮ್ಮ ದೂರು ಬರೆದುಕೊಂಡು ಸಹಿ ಹಾಕಿಸಿಕೊಳ್ಳುವ ಕಾಗದ ಅದು. ಒಂದರಲ್ಲಿ ‘ಜನರಲ್ ಚೆಕಪ್’, ಇನ್ನೊಂದರಲ್ಲಿ ‘ಕೂಲಂಟ್ ಟಾಪ್ ಅಪ್’. ಗಾಡಿ ನಡುಗುವ ವಿಷಯ ಎಲ್ಲೂ ಇಲ್ಲ. ಅಂದರೆ ಕಾಗದದ ಪ್ರಕಾರ ನಾನು ದೂರೇ ಕೊಟ್ಟಿಲ್ಲ! ವಾರಂಟಿ ಮುಗಿಯಲು ಎರಡು ತಿಂಗಳು ಚಿಲ್ಲರೆ ಉಳಿದಿತ್ತು. ಬದಲಿಸಿದ ಭಾಗಕ್ಕೂ ಮೂಲ ವಾರಂಟಿ ಇರುವವರೆಗೆ ಮಾತ್ರ ಖಾತ್ರಿ ಅಂತ ನನ್ನ ವಾರಂಟಿ ಪುಸ್ತಕದಲ್ಲಿ ಅಚ್ಚಾಗಿತ್ತು. ಇವರು ಹೀಗೆ ತುಂಬಿಸಿ ತುಂಬಿಸಿ ಕಳಿಸಿದರೆ ಫೆಬ್ರವರಿ ಬಂದೇಬಿಡುತ್ತದೆ.

ಅವತ್ತಿನಿಂದ ಜಗಳ ಬಿಟ್ಟು ಲೆಕ್ಕ ಶುರು ಮಾಡಿದೆ. ಕೂಲಂಟ್ ‘ಮ್ಯಾಕ್ಸ್’ವರೆಗೆ ತುಂಬಿಸಿ, ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಟ್ಯಾಂಕ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದೆ, ಪಕ್ಕದಲ್ಲಿ ತಾರೀಖು. ಒಂದು ಫೋಟೋ ಟ್ಯಾಂಕ್‌ದು, ಒಂದು ಓಡೋಮೀಟರ್‌ದು. ಸ್ಟಾರ್ಟ್ ಮಾಡುವಾಗ ವಿಡಿಯೋ. ಹನ್ನೊಂದು ದಿನ, 940 ಕಿಲೋಮೀಟರ್, ನೀರು ‘ಮ್ಯಾಕ್ಸ್’ನಿಂದ ‘ಮಿನ್’ಗೆ. ಗೆರೆಗಳು ಏಣಿ ಮೆಟ್ಟಿಲ ಹಾಗೆ ಕೆಳಗಿಳಿದಿದ್ದವು.

ಮೂರನೇ ಸಲ ಸಂಜೆ ಹೋದೆ. ಅಡ್ವೈಸರ್ ಟ್ಯಾಬ್‌ನಲ್ಲಿ ಮತ್ತೆ ‘ಜನರಲ್ ಚೆಕಪ್’ ಒತ್ತಿದರು. ಸಹಿ ಹಾಕಲ್ಲ, ನನ್ನ ಮಾತಲ್ಲೇ ಬರೆಯಿರಿ ಅಂದೆ. ‘ಇದರಲ್ಲಿ ಆ ಆಪ್ಷನ್ ಇಲ್ಲ ಸಾರ್.’ ಕೆಳಗೆ ರಿಮಾರ್ಕ್ಸ್ ಅಂತ ಒಂದು ಖಾಲಿ ಡಬ್ಬಿ ಇತ್ತು, ಬೆರಳಿಟ್ಟು ತೋರಿಸಿದೆ. ‘ಅಕ್ಟೋಬರ್‌ನಲ್ಲಿ ಹೆಡ್ ಗ್ಯಾಸ್ಕೆಟ್ ಹಾಕಿದ ಮೇಲೆ ಕೂಲಂಟ್ ಕಡಿಮೆಯಾಗುತ್ತಿದೆ, ತಣ್ಣಗೆ ಸ್ಟಾರ್ಟ್ ಮಾಡಿದಾಗ ನಡುಕ, ಬಿಳಿ ಹೊಗೆ’ ಅಂತ ಹೇಳುತ್ತಾ ಹೋದೆ, ಅವರು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರು. ಆ ಎರಡು ಸಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಗಾಡಿ ಅಲ್ಲೇ ಬಿಟ್ಟು, ನಾಳೆ ನಾನು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಬೇಡಿ ಅಂದು ಬಸ್ ಹತ್ತಿದೆ.

ಬೆಳಿಗ್ಗೆ ಮೊದಲ ಬಸ್ಸುಗಳಲ್ಲೊಂದು ಹಿಡಿದು, ವರ್ಕ್ಸ್ ಮ್ಯಾನೇಜರ್ ಬರುವುದನ್ನೇ ಕಾಯುತ್ತಾ ಕೂತೆ. ಅವರೆದುರಿಗೇ ಕೀ ತಿರುಗಿಸಿದೆ. ಗಡಗಡ, ಹಿಂದೆ ಬಿಳಿ ಹೊಗೆ. ‘ಡಿಸೆಂಬರ್ ಅಲ್ವಾ ಸಾರ್, ಚಳಿಗೆ ಎಲ್ಲಾ ಗಾಡೀಲೂ ಹೊಗೆ ಬರುತ್ತೆ’ ಅಂದರು. ಅದೂ ನಿಜವೇ. ಹಾಗಾದರೆ ಸಿಲಿಂಡರಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡೋಣ ಅಂದೆ. ನಾಲ್ಕು ಪ್ಲಗ್ಗನ್ನೂ ಒಂದು ಬಟ್ಟೆ ಮೇಲೆ ಸಾಲಾಗಿ ಇಟ್ಟರು. ಮೂರರ ತುದಿ ತಿಳಿ ಕಂದು, ಎಲ್ಲಾ ಪ್ಲಗ್‌ಗಳ ಹಾಗೆ. ಎರಡನೇ ಸಿಲಿಂಡರಿನದು ಮಾತ್ರ ಈಗ ತಾನೇ ತೊಳೆದಿಟ್ಟಂತೆ ಬೆಳ್ಳಗಿತ್ತು. ಆವಿ ಹಾಗೆ ತೊಳೆಯುತ್ತದೆ. ಮ್ಯಾನೇಜರ್ ಅದನ್ನು ಕೈಗೆ ತಗೊಂಡು ತಿರುಗಿಸಿ ನೋಡಿದರು. ಆಮೇಲೆ ಚಳಿಯ ಮಾತು ಬರಲಿಲ್ಲ. ನಾನು ಫೋಟೋ ಹೊಡೆದುಕೊಂಡೆ.

ಫೇಸಿಂಗ್ ಮಾಡಿಸಿದ್ದಿರಾ ಅನ್ನೋ ಪ್ರಶ್ನೆಗೆ ಮಾತ್ರ ಬಾಯಿಮಾತಿನ ಉತ್ತರ ಸಿಗಲಿಲ್ಲ. ಅದನ್ನೇ ಮೇಲ್‌ನಲ್ಲಿ ಕೇಳಿದೆ. ಕಂಪನಿಯ ಕಸ್ಟಮರ್ ಕೇರ್‌ಗೆ ಬರೆದು, ಡೀಲರ್‌ಗೂ ಪ್ರತಿ ಹಾಕಿದೆ. ಜಾಬ್ ಕಾರ್ಡ್, ಗೆರೆಗಳ ಫೋಟೋ, ಪ್ಲಗ್ ಫೋಟೋ ಅಷ್ಟೇ, ಬೈಗುಳ ಇಲ್ಲ. ಐದು ದಿನ ‘ನಿಮ್ಮ ದೂರು ದಾಖಲಾಗಿದೆ’ ಅನ್ನೋ ಉತ್ತರ ಬಿಟ್ಟು ಏನೂ ಇಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಅದು ಕೋರ್ಟ್ ಅಲ್ಲ, ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸುತ್ತದೆ. ಆದರೂ ಅವರು ಕೊಟ್ಟ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಸೇರಿಸಿ ಮೇಲ್ ಹಾಕಿದ ಮರುದಿನವೇ ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಫೋನ್ ಬಂತು.

ಕೇಸಿಗೂ ತಯಾರಾಗಿದ್ದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಡೀಲರ್ ಮೈಸೂರಿನಲ್ಲಿದ್ದರೂ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ಎರಡು ವರ್ಷ ಕಾಲಾವಕಾಶ ಇದೆ. ನನ್ನ ಗಾಡಿ ಎಂಟು ಲಕ್ಷ ಚಿಲ್ಲರೆಯದು, ಐದರಿಂದ ಹತ್ತು ಲಕ್ಷದೊಳಗಿನದಕ್ಕೆ ಶುಲ್ಕ 200 ರೂಪಾಯಿ. ಕೇಸ್ ಹಾಕುವ ತನಕ ಹೋಗಲಿಲ್ಲ.

ಹೆಡ್ ಬಿಚ್ಚಿದರು. ಈ ಸಲ ಫೇಸಿಂಗ್‌ಗೆ ಕಳಿಸಿ, ಹೊಸ ಬೋಲ್ಟ್, ಹೊಸ ಗ್ಯಾಸ್ಕೆಟ್ ಹಾಕಿದರು. ಹಳೇ ಗ್ಯಾಸ್ಕೆಟ್ ಕೇಳಿದೆ. ವಾರಂಟಿ ಪಾರ್ಟ್ ಕಂಪನಿಗೆ ವಾಪಸ್ ಹೋಗುತ್ತೆ ಅಂದರು, ಫೋಟೋಗೆ ಮಾತ್ರ ಒಪ್ಪಿದರು. ಅದರಲ್ಲಿ ಎರಡನೇ ಸಿಲಿಂಡರ್ ಸುತ್ತಿನ ಬಳೆಯಿಂದ ಪಕ್ಕದ ನೀರಿನ ತೂತಿನವರೆಗೆ ಒಂದು ಕಪ್ಪು ಗೆರೆ, ಪೆನ್ಸಿಲ್‌ನಲ್ಲಿ ಎಳೆದ ಹಾಗೆ.

ಬಿಲ್ ಸೊನ್ನೆ ಇತ್ತು, ಆದರೆ ಅದರಲ್ಲಿ ‘ಗುಡ್‌ವಿಲ್’ ಅಂತ ಹಾಕಿದ್ದರು. ಗುಡ್‌ವಿಲ್ ಅಂದರೆ ಏನರ್ಥ? ತಪ್ಪು ನಮ್ಮದಲ್ಲ, ಪಾಪ ಅಂತ ಮಾಡಿಕೊಟ್ಟೆವು ಅಂತ. ಕೀ ತಗೊಳ್ಳದೆ ಕೂತೆ. ಒಂದು ಗಂಟೆ ಆದ ಮೇಲೆ ‘ಹಿಂದಿನ ಜಾಬ್ ಕಾರ್ಡ್‌ನ ರಿಪೀಟ್ ರಿಪೇರಿ, ವಾರಂಟಿಯಡಿ’ ಅಂತ ತಿದ್ದಿಕೊಟ್ಟರು. ಫೆಬ್ರವರಿ ನಂತರವೂ ಆರು ತಿಂಗಳು ಈ ಕೆಲಸಕ್ಕೆ ಖಾತ್ರಿ ಕೊಡಿ ಅಂತ ಕೇಳಿದ್ದಕ್ಕೆ ಮಾತ್ರ ‘ನೋಡೋಣ’ ಅನ್ನೋ ಮೇಲ್ ಬಂತು. ಅದನ್ನೂ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಿದ್ದೇನೆ.

ಎರಡು ದಿನ ಬಿಟ್ಟು ಅಡ್ವೈಸರ್ ಫೋನ್ ಮಾಡಿದರು. ‘ಸಾರ್, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ, ದಯವಿಟ್ಟು ಹತ್ತಕ್ಕೆ ಹತ್ತು ಕೊಟ್ಟುಬಿಡಿ.’ ಏಳು ಕೊಟ್ಟೆ. ಅರ್ಧ ಗಂಟೆಯೊಳಗೆ ಮತ್ತೆ ಅವರದ್ದೇ ಫೋನ್. ಮೂರು ತಿಂಗಳಲ್ಲಿ ಅವರಾಗೇ ಇಷ್ಟು ಬೇಗ ಫೋನ್ ಮಾಡಿದ್ದು ಅದೊಂದೇ ಸಲ.