ಶಾಲಿಗೆ 700, ದತ್ತಿಯ ಬಡ್ಡಿ 275

ದಾವಣಗೆರೆಯ ಒಂದು ಸಣ್ಣ ಖಾಸಗಿ ಪದವಿ ಕಾಲೇಜಿನ ಆಫೀಸಿನಲ್ಲಿ ನಾನು ಸೂಪರಿಂಟೆಂಡೆಂಟ್. ನಮ್ಮ ಬೆನ್ನಿಗೆ ದೊಡ್ಡ ಮಠ ಇಲ್ಲ, ದೊಡ್ಡ ಮನೆತನ ಇಲ್ಲ. ಮಂಡಿ ವರ್ತಕರು, ಮೇಷ್ಟ್ರುಗಳು, ಒಂದಿಬ್ಬರು ವಕೀಲರು ಸೇರಿ ಕಟ್ಟಿದ ಟ್ರಸ್ಟು. ಲೈಬ್ರರಿಯ ಬೀರು, ನೀರಿನ ಟ್ಯಾಂಕು, ಪಿರಿಯಡ್ ಗಂಟೆ, ಎಲ್ಲದರ ಮೇಲೂ ಯಾರದೋ ಹೆಸರಿದೆ. ಇಂಥ ಕಾಲೇಜಿನಲ್ಲಿ ದಾನಿಗಳನ್ನು ಗೌರವಿಸುವ ಕೆಲಸ ಸುತ್ತಿ ಬಳಸಿ ಆಫೀಸಿನ ತಲೆಗೇ ಬರುತ್ತದೆ. ಆ ಕೆಲಸವನ್ನು ನಾನು ಮೊದಲು ತಪ್ಪಾಗಿ ಮಾಡಿದೆ, ಆಮೇಲೆ ಸ್ವಲ್ಪ ಸರಿಯಾಗಿ.

2021ರಲ್ಲಿ, ಕಾಲೇಜುಗಳ ಗುಣಮಟ್ಟ ಅಳೆದು ಗ್ರೇಡ್ ಕೊಡುವ ನ್ಯಾಕ್‌ಗೆ ಕಾಗದಪತ್ರ ತಯಾರು ಮಾಡುತ್ತಿದ್ದೆವು. ಅದರಲ್ಲಿ 6.4.2 ಅಂತ ಒಂದು ಕಲಂ ಇತ್ತು. ಸರ್ಕಾರ ಬಿಟ್ಟು ಬೇರೆ ಸಂಸ್ಥೆಗಳು, ವ್ಯಕ್ತಿಗಳು, ದಾನಿಗಳಿಂದ ಬಂದ ಹಣವನ್ನು ವರ್ಷವಾರು ತೋರಿಸಿ ಅಂತ ಕೇಳುತ್ತಿತ್ತು. ಹತ್ತು ನಿಮಿಷದ ಕೆಲಸ ಅಂದುಕೊಂಡು ಹಳೇ ದತ್ತಿ ರಿಜಿಸ್ಟರ್ ಹುಡುಕಿದೆ. ಅದು ಸ್ಟೋರ್ ರೂಮಿನಲ್ಲಿ, ಮುರಿದ ಟೈಪ್‌ರೈಟರ್ ಕೆಳಗೆ ಸಿಕ್ಕಿತು. ಒಟ್ಟು 41 ದತ್ತಿಗಳು, ಅಂದರೆ ಅಸಲು ಮುಟ್ಟದೆ ಬಡ್ಡಿಯಲ್ಲಿ ಬಹುಮಾನ ಕೊಡಿ ಅಂತ ದಾನಿಗಳು ಇಟ್ಟ ಹಣ. ಒಂದೊಂದರ ಎದುರು ಹಿಂದಿನ ಗುಮಾಸ್ತರು ನೀಲಿ ಇಂಕಿನಲ್ಲಿ ಗುಂಡಗೆ ಬರೆದಿದ್ದರು: ಯಾರ ನೆನಪಿಗೆ, ಎಷ್ಟು ಹಣ, ಬಡ್ಡಿಯಲ್ಲಿ ಏನು ಮಾಡಬೇಕು. ನಂತರ ಪ್ರತಿ ವರ್ಷಕ್ಕೆ ಒಂದು ಸಾಲು: ‘ವಿತರಿಸಲಾಗಿದೆ’. 2014ರ ತನಕ ಆ ಸಾಲು ಇದೆ. ಅಲ್ಲಿಂದ ಮುಂದೆ 17 ದತ್ತಿಗಳ ಎದುರು ಖಾಲಿ.

ಆ ಗುಮಾಸ್ತರು ರಿಟೈರ್ ಆದ ವರ್ಷ ಅದು. ಎಫ್‌ಡಿ ಬಾಂಡ್‌ಗಳ ಅವಧಿ ಮುಗಿದಿದೆ, ಬ್ಯಾಂಕಿನವರು ಹಣವನ್ನು ಕಾಲೇಜಿನ ಎಸ್‌ಬಿ ಖಾತೆಗೆ ಹಾಕಿದ್ದಾರೆ. ಅಲ್ಲಿ ಅದು ಕರೆಂಟ್ ಬಿಲ್ಲು, ಸುಣ್ಣಬಣ್ಣ, ಚಾಕ್‌ಪೀಸ್ ಜೊತೆ ಬೆರೆತು ಹೋಗಿದೆ. ಯಾರೂ ತಿಂದಿರಲಿಲ್ಲ. ಸುಮ್ನೆ ಕರಗಿತ್ತು. ನಮ್ಮ ಹಳೇ ದಾನಶಾಸನಗಳ ಕೊನೆಗೆ ಒಂದು ಶಾಪ ಬರುತ್ತದಲ್ಲ, ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳವಾಗಿ ಹುಟ್ಟುತ್ತಾನೆ ಅಂತ. ಹರಿಹರೇಶ್ವರ ಗುಡಿಗೆ ಹೋದಾಗಲೆಲ್ಲ ಶಾಸನದ ಕಲ್ಲು ನೋಡಿ ಅದನ್ನು ಹೇಳಿ ನಗುತ್ತಿದ್ದವನು ನಾನು. ಆವತ್ತು ನಗು ಬರಲಿಲ್ಲ.

ಇನ್ನೂ ನಾಚಿಕೆಯಾಗಿದ್ದು ಬೇರೆ ಲೆಕ್ಕದಿಂದ. ವಾರ್ಷಿಕೋತ್ಸವದಲ್ಲಿ ಆಗೊಮ್ಮೆ ಈಗೊಮ್ಮೆ ದಾನಿಗಳನ್ನು ಕರೆದು ಸನ್ಮಾನ ಮಾಡುತ್ತಿದ್ದೆವು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ, ಗಾಜಿನ ನೆನಪಿನ ಕಾಣಿಕೆ. ವೋಚರ್ ತೆಗೆದು ನೋಡಿದೆ. ಒಬ್ಬರಿಗೆ 700 ರೂಪಾಯಿ ಚಿಲ್ಲರೆ ಬಿದ್ದಿದೆ. ಅದರಲ್ಲಿ ಒಬ್ಬರ ದತ್ತಿ 5,000 ರೂಪಾಯಿ. ಶೇ 5.5ರಂತೆ ವರ್ಷದ ಬಡ್ಡಿ 275. ಅಂದರೆ ಅವರು ಮಕ್ಕಳಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಹಣವನ್ನು ನಾವು ಅವರ ಹೆಗಲ ಮೇಲೆ ಹೊದಿಸಿ ಕಳಿಸಿದ್ದೆವು. ಅದೂ ಮುಖ್ಯ ಅತಿಥಿ ಎರಡು ಗಂಟೆ ತಡವಾಗಿ ಬಂದು, ಆ ಹಿರಿಯರು ಶಾಮಿಯಾನದ ಸೆಖೆಯಲ್ಲಿ ಬೆವೆತು, ಒಬ್ಬೊಬ್ಬರಿಗೆ ಅರ್ಧ ನಿಮಿಷದಂತೆ ಫೋಟೊ ಹೊಡೆಸಿಕೊಂಡು.

ಖಾಲಿ ಬಿದ್ದ 17 ದತ್ತಿಗಳ ಮನೆಗಳಿಗೆ ನಾನೇ ಹೋಗಬೇಕು ಅಂತ ಪ್ರಿನ್ಸಿಪಾಲರಿಗೆ ಹೇಳಿದೆ. ‘ಫೋನ್ ಮಾಡಿದ್ರೆ ಸಾಕಲ್ವಾ?’ ಅಂದರು. ಸಾಕಾಗಲ್ಲ ಸರ್, ಅಂದೆ.

ಮೊದಲು ಹೋಗಿದ್ದು ಕೆ.ಟಿ.ಜೆ. ನಗರದ ಒಂದು ಮನೆಗೆ. ಯಜಮಾನರು ಕಾಟನ್ ಮಿಲ್‌ನಲ್ಲಿ ಗುಮಾಸ್ತರಾಗಿದ್ದವರು. ಅವರು ತೀರಿಕೊಂಡ ಮೇಲೆ, 1996ರಲ್ಲಿ, ಅವರ ಹೆಂಡತಿ ಬಂದ ಗ್ರಾಚ್ಯುಯಿಟಿ ಹಣದಲ್ಲಿ 5,000 ತೆಗೆದು ನಮ್ಮ ಕಾಲೇಜಿಗೆ ಕೊಟ್ಟಿದ್ದರು. ಕನ್ನಡದಲ್ಲಿ ಜಾಸ್ತಿ ಅಂಕ ತೆಗೆದ ಹುಡುಗಿಗೆ ಬೆಳ್ಳಿ ಪದಕ. ಆಗ ಶೇ 12ರಂತೆ ವರ್ಷಕ್ಕೆ 600 ರೂಪಾಯಿ ಬರುತ್ತಿತ್ತು. ಪದಕ ಮಾಡಿಸಿ, ಉಳಿದ ಹಣದಲ್ಲಿ ಪುಸ್ತಕವನ್ನೂ ಕೊಟ್ಟಿದ್ದಾರೆ. 2021ರ 275ಕ್ಕೆ ಸಿಗುತ್ತಿದ್ದದ್ದು ನಾಲ್ಕು ಗ್ರಾಂ ಬೆಳ್ಳಿ. ಒಂದು ಜೊತೆ ಕಾಲುಂಗುರ ಬಂದರೆ ಹೆಚ್ಚು.

ಅಜ್ಜಿ ಬಾಗಿಲಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದರು. ಕಾಲೇಜಿನಿಂದ ಬಂದಿದ್ದೇನೆ ಅಂದ ತಕ್ಷಣ ಮೊರ ಪಕ್ಕಕ್ಕಿಟ್ಟರು.

‘ಬರ್ರಿ, ಒಳಗೆ ಕುಂದ್ರಿ. ಈ ಸಲ ಯಾವ ಹುಡುಗಿಗೆ ಬಂತಪ್ಪಾ?’

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆರು ವರ್ಷದಿಂದ ಯಾರಿಗೂ ಕೊಟ್ಟಿಲ್ಲ ಅಜ್ಜಿ, ತಪ್ಪು ನಮ್ಮದು, ಅಂತ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾರ್ಡ್ ಬರೋದು ನಿಂತ್ಮೇಲೆ, ನನಗೆ ವಯಸ್ಸಾಯ್ತು ಅಂತ ಕರೀತಿಲ್ಲ ಅನ್ಕಂಡಿದ್ದೆ’ ಅಂದರು. ಕಾಫಿ ಕೊಟ್ಟರು. ಆಮೇಲೆ ಕೇಳಿದರು: ‘ಮೊದ್ಲು ತಗಂಡ ಹುಡುಗೀರು ಇದಾರಲ್ಲ, ಅವರೆಲ್ಲ ಈಗ ಏನಾಗಿದಾರೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಸರುಗಳೇ ಇರಲಿಲ್ಲ. ರಿಜಿಸ್ಟರಿನಲ್ಲಿ ಇದ್ದದ್ದು 18 ಸಲ ‘ವಿತರಿಸಲಾಗಿದೆ’ ಅಷ್ಟೇ. ಈ 25 ವರ್ಷದಲ್ಲಿ ಅವರು ನಮ್ಮಿಂದ ಬಯಸಿದ್ದು ಆ ಒಂದು ಸುದ್ದಿಯನ್ನು. ನಾವು ಕೊಟ್ಟಿದ್ದು ಕಾರ್ಡು.

ಬೈಕಿನಲ್ಲಿ ವಾಪಸ್ ಬರುವಾಗ ಒಂದು ವಿಷಯ ತಲೆಯಲ್ಲಿ ಓಡುತ್ತಿತ್ತು. ನಮ್ಮ ಊರು ದಾನಿಗಳ ಹೆಸರನ್ನು ಗೋಡೆ ಮೇಲೆ ಬರೆಯುವುದರಲ್ಲಿ ಹಿಂದೆ ಬಿದ್ದಿಲ್ಲ. ಆದರೆ ಹೆಸರು ಇನಿಷಿಯಲ್ ಆಗಲು ಒಂದು ತಲೆಮಾರು ಸಾಕು. ಡಿ.ಆರ್.ಎಂ. ಸೈನ್ಸ್ ಕಾಲೇಜಿನ ಹುಡುಗರನ್ನು ನಿಲ್ಲಿಸಿ ಕೇಳಿ, ಆ ಇನಿಷಿಯಲ್‌ನಲ್ಲಿ ದಾನಿ ರಾಜನಹಳ್ಳಿ ಮದ್ದೂರಾಯಪ್ಪನವರು ಇದ್ದಾರೆ ಅಂತ ಎಷ್ಟು ಜನ ಹೇಳುತ್ತಾರೋ. ಸಿ.ಜಿ. ಆಸ್ಪತ್ರೆ ಅನ್ನುವವರಿಗೆ ಸಿ ಅಂದರೆ ಚಿಗಟೇರಿ ಅಂತ ನೆನಪಿರಲ್ಲ. ಅಷ್ಟು ದೊಡ್ಡವರ ಕಥೆಯೇ ಹೀಗಿರುವಾಗ 5,000 ಕೊಟ್ಟವರ ಗತಿ ಏನು?

ಅದಕ್ಕೇ ಕಲ್ಲು, ಬೋರ್ಡು ಬಿಟ್ಟು ಲೆಕ್ಕದಿಂದ ಶುರು ಮಾಡಿದೆ. ಟ್ರಸ್ಟಿನವರು ಒಪ್ಪಿ, 17 ದತ್ತಿಗಳ ಅಸಲು ಮತ್ತು ನಿಂತುಹೋದ ವರ್ಷಗಳ ಬಡ್ಡಿಯನ್ನು ವಾಪಸ್ ತುಂಬಿದರು. ದತ್ತಿಗೇ ಬೇರೆ ಖಾತೆ ತೆಗೆಸಿದೆವು. ಹೊಸ ರಿಜಿಸ್ಟರಿನಲ್ಲಿ ಒಂದು ದತ್ತಿಗೆ ಒಂದು ಪೂರ್ತಿ ಪುಟ: ಬಾಂಡ್ ನಂಬರ್, ಅವಧಿ ಮುಗಿಯುವ ದಿನ, ದಾನಿ ಇಲ್ಲದಿದ್ದರೆ ಮನೆಯಲ್ಲಿ ಯಾರನ್ನು ಕೇಳಬೇಕು, ಪಡೆದ ವಿದ್ಯಾರ್ಥಿಯ ಹೆಸರು, ಫೋನ್ ನಂಬರ್. ಹೊಸದಾಗಿ ಕೊಡುವವರಿಂದ ಅವರ ಕೈಬರಹದಲ್ಲೇ ಒಂದು ಸಾಲು ಬರೆಸಿಕೊಳ್ಳುತ್ತೇವೆ: ಇದು ಮೂಲನಿಧಿಗೆ, ಬಡ್ಡಿ ಮಾತ್ರ ಇಂಥದ್ದಕ್ಕೆ ಬಳಸಬೇಕು. ಆ ಸಾಲು ಇಲ್ಲದಿದ್ದರೆ ಆದಾಯ ತೆರಿಗೆ ಲೆಕ್ಕದಲ್ಲಿ ಅದು ಮೂಲನಿಧಿ ಅನಿಸಿಕೊಳ್ಳಲ್ಲ.

ಸಣ್ಣ ದತ್ತಿಗಳದ್ದು ಕಷ್ಟ ಇತ್ತು. 275ಕ್ಕೆ ಪದಕ ಆಗಲ್ಲ, ಹಾಗಂತ ಬಿಡೋಕೂ ಆಗಲ್ಲ. ಮನೆಯವರನ್ನು ಕೇಳಿದೆವು. ಕೆಲವರು ಅಸಲಿಗೆ ಇನ್ನಷ್ಟು ಸೇರಿಸಿದರು. ಆಗದವರ ದತ್ತಿಗಳನ್ನು, ಅವರಿಂದ ಒಪ್ಪಿಗೆ ಪತ್ರ ಪಡೆದು, ನಾಲ್ಕೈದರಂತೆ ಒಟ್ಟುಗೂಡಿಸಿ ಒಂದು ಬಹುಮಾನ ಮಾಡಿದೆವು. ಪ್ರಮಾಣಪತ್ರದಲ್ಲಿ ಎಲ್ಲ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಇರುತ್ತವೆ. ಯಾರ ಅಸಲು ಎಷ್ಟು ಅಂತ ಅದರಲ್ಲಿ ಹಾಕಲ್ಲ.

ಆಮೇಲೆ ಕಾಗದ. ಬಹುಮಾನ ಪಡೆದ ಪ್ರತಿಯೊಬ್ಬರೂ ದಾನಿಯ ಮನೆಗೆ ಕೈಯಲ್ಲಿ ಬರೆದ ಕಾಗದ ಕಳಿಸಬೇಕು ಅಂದೆ. ಮೊದಲ ಕಂತಿನಲ್ಲಿ ಬಂದ ಕಾಗದಗಳೆಲ್ಲ ‘ಪೂಜ್ಯರ ಪಾದಾರವಿಂದಗಳಿಗೆ’ ಅಂತಲೇ ಶುರು. ಒಬ್ಬಳು ಬರೆದಿದ್ದಳು, ಉಳಿದವರು ಇಳಿಸಿಕೊಂಡಿದ್ದರು. ಎಲ್ಲವನ್ನೂ ವಾಪಸ್ ಕೊಟ್ಟು, ‘ಆ ದುಡ್ಡಲ್ಲಿ ಏನು ತಗೊಂಡ್ರಿ, ಅಷ್ಟು ಬರೀರಿ ಸಾಕು’ ಅಂದೆ. ಜಗಳೂರಿನ ಕಡೆಯ ಹುಡುಗಿಯೊಬ್ಬಳು ಬರೆದಳು: ಬಸ್ ಪಾಸಿಗೆ ಇಷ್ಟು, ಒಂದು ಕ್ಯಾಲ್ಕುಲೇಟರ್, ಉಳಿದ 60 ರೂಪಾಯಿಗೆ ತಮ್ಮನಿಗೆ ಚಪ್ಪಲಿ. ಚಪ್ಪಲಿಯ ಮಾತನ್ನು ಹೊಡೆದು ಹಾಕಿ, ಮತ್ತೆ ಅದರ ಮೇಲೇ ಬರೆದಿದ್ದಳು. ನಾನು ಅದನ್ನು ಹಾಗೇ ಕಳಿಸಿದೆ. ಕೊಟ್ಟವರು ಒಬ್ಬ ಅಡಿಕೆ ವ್ಯಾಪಾರಿ, ಎರಡು ಮಾತಿನ ಮೇಲೆ ಮೂರನೆಯದು ಆಡದ ಮನುಷ್ಯ. ಮುಂದಿನ ವಾರ ಆಫೀಸಿಗೆ ಬಂದು, ಆ ಕಾಗದವನ್ನು ಅಂಗಿ ಜೇಬಿನಿಂದ ತೆಗೆದು ತೋರಿಸಿ, ದತ್ತಿಯನ್ನು 50,000ಕ್ಕೆ ಏರಿಸಿ ಹೋದರು.

ಸಮಾರಂಭವನ್ನೂ ಬದಲಾಯಿಸಿದೆವು. ಈಗ ಅದು ಲೈಬ್ರರಿಯಲ್ಲಿ, ಒಂದು ಶನಿವಾರ ಮಧ್ಯಾಹ್ನ. ವೇದಿಕೆ ಇಲ್ಲ, ಶಾಲಿಲ್ಲ. ದಾನಿ ಮತ್ತು ಅವರ ಹೆಸರಿನ ಬಹುಮಾನ ಪಡೆದವರು ಒಂದೇ ಮೇಜಿಗೆ ಕೂರುತ್ತಾರೆ. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಪ್ರಿನ್ಸಿಪಾಲರ ಭಾಷಣ ಐದು ನಿಮಿಷ ಮೀರಬಾರದು ಅಂತ ಮಾತಾಗಿದೆ, ಎರಡು ವರ್ಷ ಆ ಮಾತು ತಪ್ಪಿದೆ. ಶಾಲು ಬೇಕು ಅನ್ನುವವರೂ ಇದ್ದಾರೆ, ಸುಳ್ಳು ಯಾಕೆ. ‘ಮೊಮ್ಮಕ್ಕಳಿಗೆ ತೋರಿಸೋಕೆ ಒಂದು ಫೋಟೊನಾದ್ರೂ ಬೇಡ್ವೇನ್ರಿ?’ ಅಂತ ಒಬ್ಬರು ಮುನಿಸಿಕೊಂಡರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಫೋಟೊ ತೆಗೆಸಿ, ಕಟ್ಟು ಹಾಕಿಸಿ ಕಳಿಸಿದೆವು.

ಹೆಸರು ಬೇಡ ಅನ್ನುವವರದ್ದು ಇನ್ನೊಂದು ತರಹದ ಪೇಚಾಟ. ಬೋರ್ಡಿನ ಮೇಲೆ ಬೇಡ ಅಂದರೆ ಖಂಡಿತ ಹಾಕಲ್ಲ, ಆದರೆ ಪುಸ್ತಕದಲ್ಲಿ ಹೆಸರು, ವಿಳಾಸ ಇರಲೇಬೇಕು ಅಂತ ಕೂರಿಸಿಕೊಂಡು ಹೇಳುತ್ತೇನೆ. ಹೆಸರಿಲ್ಲದ ಹಣ ಒಂದು ಮಿತಿ ದಾಟಿದರೆ ನಮ್ಮಂಥ ಟ್ರಸ್ಟಿಗೆ ಶೇ 30 ತೆರಿಗೆ ಬೀಳುತ್ತದೆ.

ರಸೀದಿ ವಿಷಯದಲ್ಲಿ ನಾನೇ ಎಡವಿದ್ದೇನೆ. ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ರಿಯಾಯಿತಿಗೆ ಬರೀ ನಮ್ಮ ರಸೀದಿ ಸಾಲದು ಅಂತ 2021-22ರಲ್ಲಿ ಆಯಿತು. ಮೇ 31ರೊಳಗೆ ನಾವು 10ಬಿಡಿ ಅನ್ನುವ ದಾನಿಗಳ ವಿವರದ ಫಾರಂ ತುಂಬಿ, 10ಬಿಇ ಪ್ರಮಾಣಪತ್ರ ಡೌನ್‌ಲೋಡ್ ಮಾಡಿ ದಾನಿಗೆ ಕೊಡಬೇಕಿತ್ತು. ತಡವಾದರೆ ದಿನಕ್ಕೆ 200 ರೂಪಾಯಿ ದಂಡ. ಮೊದಲ ವರ್ಷ ಒಬ್ಬರ ಪಾನ್ ನಂಬರಿನಲ್ಲಿ ಒಂದು ಅಂಕಿ ತಪ್ಪು ಹೊಡೆದೆ. ಅವರ ರಿಯಾಯಿತಿ ಸಿಕ್ಕಿಕೊಂಡು, ಆಡಿಟರ್ ಮನೆಗೆ ಅವರು ಮೂರು ಸಲ ಅಲೆದರು. ದಾನ ಕೊಟ್ಟ ತಪ್ಪಿಗೆ! ಈಗ ಕಳಿಸುವ ಮುಂಚೆ ಪ್ರತಿ ದಾನಿಗೂ ಓದಿ ಹೇಳಿ ಹೂಂ ಅನ್ನಿಸಿಕೊಳ್ಳುತ್ತೇನೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದು ಸಿಗುವುದೇ ಇಲ್ಲ. ಇದನ್ನು ಹಣ ಕೈಗೆ ತೆಗೆದುಕೊಳ್ಳುವ ಮುಂಚೆಯೇ ಹೇಳುತ್ತೇನೆ. ಕೇಳಿ ಹಿಂದೆ ಸರಿದವರು ಕಡಿಮೆ.

ಕಲ್ಲು ಕೆತ್ತಿಸುವವರಿಗೆ ಒಂದು ಮಾತು: ಅಕ್ಷರವನ್ನು ಮನೆಯವರಿಂದ ಓದಿಸಿ ಸಹಿ ಹಾಕಿಸಿಕೊಳ್ಳಿ. ನಮ್ಮಲ್ಲಿ ಲಕಾರ ಇರಬೇಕಾದ ಕಡೆ ಳಕಾರ ಬಿದ್ದು, ಒಬ್ಬರ ಹೆಸರಿನ ಹಾಲು ಹಾಳಾಗಿತ್ತು. ಗ್ರಾನೈಟ್ ಬೇರೆ, ಅಳಿಸೋಕೂ ಬರಲ್ಲ.

ಇನ್ನು ‘ಡೊನೇಷನ್’ ಅನ್ನೋ ಪದ. ಕರ್ನಾಟಕದಲ್ಲಿ 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧದ ಕಾಯ್ದೆ ಬಂದರೂ ನಮ್ಮ ಜನರ ಬಾಯಲ್ಲಿ ಡೊನೇಷನ್ ಅಂದರೆ ಸೀಟಿಗೆ ಕೊಡುವ ದುಡ್ಡು ಅಂತಲೇ ಉಳಿದಿದೆ. ಅದಕ್ಕೇ ನಮ್ಮ ರಸೀದಿ ಮೇಲೆ ‘ದತ್ತಿ’ ಅಂತ ಮಾತ್ರ ಅಚ್ಚು ಹಾಕಿಸುತ್ತೇವೆ. ಒಬ್ಬರು ಒಂದು ಲಕ್ಷದ ಚೆಕ್ ತಂದು, ಮಾತಿನ ಕೊನೆಗೆ ಮಗಳ ಅಡ್ಮಿಷನ್ ವಿಷಯ ತೆಗೆದರು. ಚೆಕ್ಕನ್ನು ಮೇಜಿನ ಮೇಲೇ ಅವರ ಕಡೆಗೆ ಸರಿಸಿ, ‘ಅಡ್ಮಿಷನ್ ಮುಗಿದ ಮೇಲೆ ಬನ್ನಿ ಸರ್’ ಅಂದೆ. ಅವರು ಬರಲಿಲ್ಲ. ಟ್ರಸ್ಟಿನ ಒಬ್ಬರು ನನ್ನ ಮೇಲೆ ತಿಂಗಳುಗಟ್ಟಲೆ ಸಿಟ್ಟಾಗಿದ್ದರು.

ಕೆ.ಟಿ.ಜೆ. ನಗರದ ಅಜ್ಜಿ ಕೇಳಿದ ಹುಡುಗಿಯರ ಪಟ್ಟಿ ಇನ್ನೂ ಮುಗಿದಿಲ್ಲ. 18ರಲ್ಲಿ 13 ಹೆಸರು ಸಿಕ್ಕಿವೆ. ಒಬ್ಬಳು ಹೊನ್ನಾಳಿ ಕಡೆ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಮ್ಮ, ಪದಕ ಇನ್ನೂ ಇಟ್ಟಿದ್ದಾಳೆ. ಇನ್ನೊಬ್ಬಳು ಅದನ್ನು ಕರಗಿಸಿ ಮಗುವಿಗೆ ಕಾಲ್ಗೆಜ್ಜೆ ಮಾಡಿಸಿದ್ದಾಗಿ ಫೋನಿನಲ್ಲಿ ಹೇಳಿ ಹೆದರಿದಳು. ಅದನ್ನು ಕೇಳಿ ಅಜ್ಜಿಗೆ ಎಷ್ಟು ಖುಷಿಯಾಯ್ತು ಅಂದರೆ, ಮಗು ಗಂಡೋ ಹೆಣ್ಣೋ ಅಂತ ಮತ್ತೆ ಫೋನ್ ಮಾಡಿಸಿ ಕೇಳಿಸಿದರು. ಉಳಿದ ಐದೂ 2009ಕ್ಕಿಂತ ಹಿಂದಿನವು. ಆಗ ದಾವಣಗೆರೆ ವಿಶ್ವವಿದ್ಯಾಲಯ ಇರಲಿಲ್ಲ, ನಾವು ಕುವೆಂಪು ವಿಶ್ವವಿದ್ಯಾಲಯದ ಕೆಳಗೆ ಇದ್ದೆವು. ನಮ್ಮ ಹಳೇ ಫಲಿತಾಂಶದ ಪುಸ್ತಕಗಳಿಗೆ ಗೆದ್ದಲು ಹತ್ತಿದೆ. ಪ್ರಿನ್ಸಿಪಾಲರ ಪತ್ರ ರೆಡಿ ಇದೆ, ಬರುವ ಸೋಮವಾರ ಬೆಳಗಿನ ಬಸ್ಸಿಗೆ ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟಕ್ಕೆ ಹೋಗುತ್ತಿದ್ದೇನೆ.