ಕ್ಲಾಡ್ ಕೋಡ್ ಬಳಸುವವರೇ, ಮೊದಲು ಪರ್ಮಿಷನ್ ನೋಡಿ

ಟೀಮ್‌ನಲ್ಲಿ ಕ್ಲಾಡ್ ಕೋಡ್ (ಕೋಡ್ ಬರೆಯಲು ನೆರವಾಗುವ ಆಂಥ್ರೋಪಿಕ್‌ನ ಎಐ ಟೂಲ್) ಬಳಸುವವರಿಗೆ ಒಂದು ಸಲಹೆ. ಪ್ರಾಜೆಕ್ಟ್‌ನ 'ಡಾಟ್ ಕ್ಲಾಡ್' ಫೋಲ್ಡರ್‌ನಲ್ಲಿ 2 ಸೆಟ್ಟಿಂಗ್ಸ್ ಫೈಲ್ ಇಡಬಹುದು. 'ಸೆಟ್ಟಿಂಗ್ಸ್ ಡಾಟ್ ಜೇಸನ್' ಅನ್ನು ಟೀಮ್ ಕೋಡ್ ಹಂಚಿಕೊಳ್ಳುವ ಗಿಟ್‌ಗೆ ಹಾಕಿ, ಎಲ್ಲರಿಗೂ ಒಂದೇ ನಿಯಮ ಸಿಗುತ್ತದೆ. ನಿಮ್ಮ ಸ್ವಂತ ಇಷ್ಟಗಳು 'ಸೆಟ್ಟಿಂಗ್ಸ್ ಡಾಟ್ ಲೋಕಲ್ ಡಾಟ್ ಜೇಸನ್'ನಲ್ಲಿರಲಿ. ಅದು ಗಿಟ್‌ಗೆ ಬೇಡ.

ಈ ಫೈಲ್‌ಗಳಲ್ಲಿ ಮುಖ್ಯವಾದದ್ದು ಪರ್ಮಿಷನ್, ಅಂದರೆ ಕ್ಲಾಡ್ ಕೋಡ್ ಏನು ಮಾಡಬಹುದು, ಏನು ಮಾಡಬಾರದು ಎಂಬ ನಿಯಮ. ಪಾಸ್‌ವರ್ಡ್, ಕೀ ಇರುವ 'ಡಾಟ್ ಎನ್ವ್' ಫೈಲನ್ನು ಓದದಂತೆ 'ಡಿನೈ' (ಬೇಡ ಎನ್ನುವ) ಪಟ್ಟಿಗೆ ಸೇರಿಸಿ. ಗಿಟ್ ಪುಶ್ (ಕೋಡನ್ನು ಸರ್ವರ್‌ಗೆ ಕಳಿಸುವ ಕಮಾಂಡ್) 'ಆಸ್ಕ್' ಪಟ್ಟಿಯಲ್ಲಿರಲಿ, ಪ್ರತಿ ಸಲ ನಿಮ್ಮನ್ನು ಕೇಳಿಯೇ ಮಾಡುತ್ತದೆ. ಟೆಸ್ಟ್ ಓಡಿಸುವ ಕಮಾಂಡನ್ನು ಮಾತ್ರ 'ಅಲೋ' (ಕೇಳದೇ ಮಾಡಬಹುದು ಎನ್ನುವ) ಪಟ್ಟಿಗೆ ಹಾಕಿ, ಸುಮ್ನೆ ಪದೇ ಪದೇ ಎಂಟರ್ ಒತ್ತುವ ಕಾಟ ತಪ್ಪುತ್ತದೆ. ಒಂದೇ ಕಮಾಂಡ್ ಅಲೋ, ಡಿನೈ ಎರಡರಲ್ಲೂ ಇದ್ದರೆ ಗೆಲ್ಲುವುದು ಡಿನೈ. ಬೇಜಾರಾಗಿ ಎಲ್ಲಕ್ಕೂ ಒಪ್ಪಿಗೆ ಕೊಟ್ಟುಬಿಡೋಣ ಎಂದು ನನಗೂ ಅನಿಸಿತ್ತು. ಕೊಡಬೇಡಿ! ಈಗ ಯಾವ ನಿಯಮ ಜಾರಿಯಲ್ಲಿದೆ ಎಂದು ನೋಡಲು ಕ್ಲಾಡ್ ಕೋಡ್‌ನಲ್ಲಿ ಸ್ಲ್ಯಾಶ್ ಹಾಕಿ 'ಪರ್ಮಿಷನ್ಸ್' ಎಂದು ಟೈಪ್ ಮಾಡಿ.